ಮೂರು ಪಾವಿನ ಸೇರು

ತಗಡಿನ ಡಬ್ಬಿಯೊಳಗೆ ಬಿಳಿಜೋಳ ಬೀಳುವಾಗ ಮೊದಲು ಟಣಟಣ ಎನ್ನುತ್ತದೆ. ಡಬ್ಬಿ ತುಂಬುತ್ತ ಬಂದಂತೆ ಸರಸರ ಎಂದು ಮೆತ್ತಗಾಗಿ, ಕೊನೆಗೆ ಸದ್ದೇ ಇಲ್ಲದಂತಾಗುತ್ತದೆ. ಅದರ ಮೇಲೆ ಹುಡುಗಿಯರ ರಾಗ: “ಲಾಭಾ... ಲಾಭಾ... ಲಾಭಾ... ಎರಡಾ... ಎರಡಾ...” ಈ ಕಡೆ ಕಾಳು ಅಳೆಯುವಾಗ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎಂದೇ ಶುರು. ಮುಂದಿನ ಅಳತೆ ತುಂಬುವವರೆಗೆ ಅದೇ ಅಂಕಿಯನ್ನು ಎಳೆಯುತ್ತಿರಬೇಕು, ಲೆಕ್ಕ ತಪ್ಪಬಾರದಲ್ಲ. ಯಲಬುರ್ಗಾ ಕಡೆಯ ಒಂದು ಸರಕಾರಿ ಶಾಲೆಯ ಐದನೇ ತರಗತಿಯಲ್ಲಿ ಕೂತು ಆ ರಾಗ ಕೇಳಿದಾಗ ನನಗೆ ಐವತ್ತೇಳು ವರ್ಷ. ಅಷ್ಟರೊಳಗೆ ಮಕ್ಕಳಿಗೆ ಅಳತೆ ಕಲಿಸುವುದು ಹೇಗೆ ಎಂದು ಒಂದಲ್ಲ, ನಾಲ್ಕು ಕೈಪಿಡಿ ಬರೆದು ಮುಗಿಸಿದ್ದೆ. ಆದರೆ ಕಾಳು ಅಳೆಯುವವರ ಪಕ್ಕದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತಿದ್ದು ಅದೇ ಮೊದಲು. ಫ್ಯಾನ್ಸಿ ದಟ್!

ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಇವತ್ತಿಗೂ ಕಷ್ಟ. “ಕರಿಕ್ಯುಲಮ್ ಮಾಡ್ತೀನಿ” ಎಂದರೆ ನಮ್ಮ ಅತ್ತಿಗೆ “ಅಂದ್ರ ಟೀಚರಾ?” ಎನ್ನುತ್ತಿದ್ದರು. ಅಲ್ಲ ಎಂದರೆ “ಹಂಗಾರ ಇನ್ಸ್‌ಪೆಕ್ಟರಾ?” ಅದೂ ಅಲ್ಲ ಎಂದರೆ “ಅಯ್ಯ, ಮತ್ತ ದಿನಾ ಬ್ಯಾಗ್ ಹಾಕ್ಕೊಂಡು ಎಲ್ಲಿಗೆ ಹೋಗ್ತಿ?” ಶಾಲೆಗಳಲ್ಲಿ ವಿಜ್ಞಾನ, ಗಣಿತವನ್ನು ಮಕ್ಕಳು ಬಾಯಿಪಾಠ ಮಾಡದೆ ಕೈಯಿಂದ ಮಾಡಿ ಕಲಿಯಬೇಕು, ಅದಕ್ಕೆ ಬೇಕಾದ ಪಾಠ, ಸಾಮಾನು, ಶಿಕ್ಷಕರ ಕೈಪಿಡಿ ಎಲ್ಲವನ್ನೂ ತಯಾರಿಸುವುದು ನಮ್ಮ ಸಣ್ಣ ಸಂಸ್ಥೆಯ ಕೆಲಸ. ಕೊಪ್ಪಳದಲ್ಲಿ ಎರಡು ಕೋಣೆ, ಒಂದು ವರಾಂಡದ ಆಫೀಸು. ಅಲ್ಲಿ ಬಂದವರಿಗೆ ಕೂರಲು ಕುರ್ಚಿ ಸಿಗುತ್ತಿರಲಿಲ್ಲ. ಕುರ್ಚಿಗಳ ಮೇಲೆಲ್ಲ ಸೈಕಲ್ ಟ್ಯೂಬಿನ ತುಂಡು, ಬೆಂಕಿಪೊಟ್ಟಣ, ಜೋಳದ ದಂಟಿನ ಬೆಂಡು, ಸೋಡಾ ಬಾಟಲಿಯ ಮುಚ್ಚಳ. ಕುಷ್ಟಗಿಯಿಂದ ಯಾರಾದರೂ ದಾಳಿಂಬೆ ತಂದುಕೊಟ್ಟರೆ ಮೊದಲು ಒಳಗೆ ಎಷ್ಟು ಕಾಳಿರಬಹುದೆಂದು ಎಲ್ಲರೂ ಚೀಟಿಯಲ್ಲಿ ಅಂದಾಜು ಬರೆಯಬೇಕು, ಆಮೇಲೆ ಒಡೆದು ಎಣಿಸಬೇಕು, ಆಮೇಲೆ ತಿನ್ನಬೇಕು. ಎಸ್ಟಿಮೇಶನ್ ಪಾಠ ಹುಟ್ಟಿದ್ದು ಹಾಗೆ. ಎಣಿಸದೆ ತಿಂದ ಹಣ್ಣು ಆ ಆಫೀಸಿನಲ್ಲಿ ಇರಲಿಲ್ಲ. ಅಷ್ಟು ಸುಖದ ದಿನಗಳು ಅವು.

ನಾನು ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಅದನ್ನು ಹೇಳಲೇಬೇಕು, ಮುಂದಿನ ತಪ್ಪೆಲ್ಲ ಅಲ್ಲಿಂದಲೇ ಬಂದದ್ದು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವುದು ನನ್ನ ರೂಢಿ. ಮನೆಯಲ್ಲೂ ಕನ್ನಡ ಒಂದು ನಮೂನೆ ಪಾಲಿಶ್ ಮಾಡಿದ ಕನ್ನಡ. ಅಪ್ಪ ನೌಕರಿಯಲ್ಲಿದ್ದವರು, ತಿಂಗಳ ಸಾಮಾನು ಅಂಗಡಿಯಿಂದ ತೂಕ ಮಾಡಿಸಿ ಪೊಟ್ಟಣ ಕಟ್ಟಿಸಿಯೇ ಬರುತ್ತಿತ್ತು. ಸೇರು, ಪಾವು ಎಂಬ ಶಬ್ದ ಗೊತ್ತಿತ್ತು. ಅವು ಕೈಗೆ ಬಂದಿದ್ದು ದೊಡ್ಡವಳಾದ ಮೇಲೆ, ಟೀಚಿಂಗ್ ಏಡ್ ಆಗಿ.

ಐದನೇ ತರಗತಿಯ ಅಳತೆ ಪಾಠಕ್ಕೆ ನಾವು ಮೂರು ತಗಡಿನ ಡಬ್ಬಿ ಮಾಡಿಸಿದ್ದೆವು: ಸೇರು, ಅರ್ಧ ಸೇರು, ಪಾವು. ಪಠ್ಯಪುಸ್ತಕದಲ್ಲಿ ಲೀಟರು ಇರುತ್ತದೆ, ಆದರೆ ಮಗು ಮನೆಯಲ್ಲಿ ನೋಡುವುದು ಸೇರು. ನಾಲ್ಕು ಪಾವಿಗೆ ಒಂದು ಸೇರು ಎಂದು ಕೈಯಿಂದ ಕಂಡುಕೊಂಡ ಮಗುವಿಗೆ ಕಾಲು ಲೀಟರ್ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ ಎಂಬುದು ನಮ್ಮ ಲೆಕ್ಕ. ಡಬ್ಬಿಗಳ ವಿನ್ಯಾಸ ನನ್ನದು. ಮೂರಕ್ಕೂ ಬಾಯಿ ಒಂದೇ ಅಗಲ, ಎತ್ತರ ಮಾತ್ರ ಬೇರೆ. ನಾಲ್ಕು ಪಾವಿನ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಸೇರಿನ ಪಕ್ಕ ನಿಲ್ಲಿಸಿದರೆ ಎರಡೂ ಸರಿಸಮ. ನೋಡಿದ ಕೂಡಲೇ ತಿಳಿಯುತ್ತದೆ. ಆ ಐಡಿಯಾದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಕೈಪಿಡಿಯಲ್ಲಿ ಬರೆದೆ: “ನೀರು, ಮರಳು ಅಥವಾ ಕಾಳನ್ನು ಬಳಸಿ. ಪಾವನ್ನು ತುಂಬಿಸಿ ಸೇರಿಗೆ ಸುರಿಯಿರಿ. ಎಷ್ಟು ಪಾವಿಗೆ ಸೇರು ತುಂಬಿತು? ಉತ್ತರವನ್ನು ಮೊದಲೇ ಹೇಳಬೇಡಿ. ಮಕ್ಕಳಿಂದ ಮುಂಚಿತವಾಗಿ ಅಭ್ಯಾಸ ಮಾಡಿಸಬೇಡಿ. ಅವರೇ ಕಂಡುಕೊಳ್ಳಲಿ.” ಪುಟದ ಅಂಚಿನಲ್ಲಿ, ಶಿಕ್ಷಕರಿಗೆ ಮಾತ್ರ ಕಾಣುವಂತೆ, ಸಣ್ಣ ಅಕ್ಷರದಲ್ಲಿ ‘ನಾಲ್ಕು’.

ಟ್ರಯಲ್ ಮಾಡಿದ್ದು ಗಂಗಾವತಿ ತಾಲೂಕಿನ ಶ್ರೀರಾಮನಗರದಲ್ಲಿ. ಕಾಲುವೆ ಸೀಮೆ, ಎಲ್ಲಿ ನೋಡಿದರೂ ನೀರು, ಭತ್ತ. ಮಕ್ಕಳು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೂಗಾಡುತ್ತ ಬಕೆಟ್ ನೀರು ತಂದರು. ಡಬ್ಬಿಗಿಂತ ಹೆಚ್ಚು ಅಂಗಿಗಳೇ ತುಂಬಿಕೊಂಡವು. ಆದರೂ ಪ್ರತಿ ಗುಂಪಿಗೂ ನಾಲ್ಕೇ ಬಂತು. ನಾನು ನನ್ನ ಡೈರಿಯಲ್ಲಿ ‘ಪರ್ಫೆಕ್ಟ್’ ಎಂದು ಬರೆದುಕೊಂಡೆ. ಕೆಳಗೆ ಗೆರೆ ಕೂಡ ಎಳೆದೆ.

ಇನ್ನು ಆ ಐದನೇ ತರಗತಿಯ ಟೀಚರು. ಊರು ಕುಷ್ಟಗಿ. ಮನೆಮಾತು ದಖನಿ ಉರ್ದು, ಗಂಡನ ಮನೆಯವರದು ಬಳೆ ವ್ಯಾಪಾರ. ಮೂವತ್ತೈದರ ಆಸುಪಾಸು, ದಿನಾ ಬಸ್ಸಿನಲ್ಲಿ ಬಂದು, ಬಸ್ಸಿಳಿದು ಒಂದು ಮೈಲಿ ನಡೆದು ಶಾಲೆ ಸೇರುವವರು. ಶಾಲೆ ಇದ್ದದ್ದು ಯಲಬುರ್ಗಾ ಕಡೆಯ ಮಂಗಳೂರು ದಾಟಿ ಇನ್ನೂ ಒಳಗೆ. ಮಂಗಳೂರಿಗೆ ಹೊರಟೆ ಎಂದಾಗೆಲ್ಲ ನಮ್ಮ ತಂಗಿ “ಬರೋವಾಗ ಮೀನು ತಗೊಂಡ್ ಬಾ” ಎಂದು ನಗುತ್ತಿದ್ದಳು. ಇದು ಕಡಲಿಲ್ಲದ, ಕಪ್ಪು ಮಣ್ಣಿನ ಮಂಗಳೂರು. ಟೀಚರು ಮೊದಲ ಭೇಟಿಯಲ್ಲೇ ತಮ್ಮ ಜಾತಕ ಹೇಳಿಬಿಟ್ಟರು.

“ಮೇಡಂರಿ, ನಾ ಎಸ್ಸೆಸ್ಸೆಲ್ಸಿ ಗಣಿತದಾಗ ಒಮ್ಮೆ ಫೇಲ್ ಆದಾಕಿ. ಮೊದ್ಲ ಹೇಳಿಬಿಡ್ತೀನಿ. ಯಾಕಂದ್ರ ನಾ ಹೇಳ್ಲಿಲ್ಲಂದ್ರ ನಮ್ಮ ಹೆಡ್‌ಮಾಸ್ತರ್ ಹೇಳ್ತಾರ.”

ಹೆಡ್‌ಮಾಸ್ತರರು ಪಕ್ಕದಲ್ಲೇ ಇದ್ದರು. “ನಾ ಯಾಕ ಹೇಳ್ಲಿ? ನಾ ಬರೇ ಏನಂತೀನಿ, ಅಕ್ಕೋರ ಹಾಡು ಛಲೋ ಹಾಡ್ತಾರ, ರಂಗೋಲಿ ಛಲೋ ಹಾಕಿಸ್ತಾರ. ಗಣಿತದ ಉಸಾಬರಿ ಯಾಕಂತ.”

“ನೋಡ್ರಿ, ಹೇಳೇಬಿಟ್ರು.”

ಇಬ್ಬರೂ ನಕ್ಕರು. ಆದರೆ ಟೀಚರ ನಗು ಕಣ್ಣಿನವರೆಗೆ ಹೋಗಿರಲಿಲ್ಲ.

ಅವರಿಗೆ ಒಂದು ಆಸೆ ಇತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಪ್ರತಿ ಬೇಸಿಗೆ ಶಿಕ್ಷಕರಿಗೆ ಗಣಿತದ ತರಬೇತಿ ನಡೆಯುತ್ತದೆ. ಅದನ್ನು ನಡೆಸುವವರನ್ನು ಸಂಪನ್ಮೂಲ ವ್ಯಕ್ತಿ ಎನ್ನುತ್ತಾರೆ. ಹತ್ತು ವರ್ಷದಿಂದ ಅವರು ಹಿಂದಿನ ಬೆಂಚಿನಲ್ಲಿ ಕೂತು ಆ ತರಬೇತಿ ತೆಗೆದುಕೊಂಡಿದ್ದರು. ಮುಂದೆ ನಿಲ್ಲುವವರು ಪ್ರತಿ ಸಲವೂ ಗಂಡಸರು, ಪ್ರತಿ ಸಲವೂ ಬೋರ್ಡಿನ ಕಡೆ ಮುಖ. “ಒಂದ್ ಸಲ ಆ ಮುಂದಿನ ಜಾಗಾದಾಗ ನಿಂದ್ರಬೇಕ್ರಿ. ಗಣಿತಕ್ಕ. ಹಾಡಿಗಲ್ಲ.” ಆ ವರ್ಷ ನಮ್ಮ ಕೈಪಿಡಿಗಳನ್ನು ಜಿಲ್ಲೆಯ ತರಬೇತಿಗೆ ತೆಗೆದುಕೊಳ್ಳುವುದೆಂದು ಆಗಿತ್ತು. ಅದಕ್ಕಾಗಿ ಇಲಾಖೆಯ ಸಾಹೇಬರೊಬ್ಬರು ತಾಲೂಕಿಗೆ ಮೂರು ಪಾಠ ನೋಡಿ ಒಬ್ಬರನ್ನು ಆರಿಸುವುದಿತ್ತು. ಮೂರರಲ್ಲಿ ಒಂದು ಈ ಟೀಚರದು. ಹೆಸರು ಸೂಚಿಸಿದವಳು ನಾನೇ.

ಪಾಠದ ಹಿಂದಿನ ಸಂಜೆ ಫೋನು ಮಾಡಿದರು. “ಮೇಡಂರಿ, ಬ್ಯಾಸಗಿ ದಿನ, ಹುಡುಗ್ರ ಕೈಯಾಗ ನೀರ ಕೊಟ್ರ ಊರವ್ರು ಬೈತಾರ. ಜ್ವಾಳ ತಗೊಂಡ್ರ ನಡೀತೈತೇನ್ರಿ?”

“ಆಫ್ ಕೋರ್ಸ್. ಎನಿಥಿಂಗ್ ವಿಲ್ ಡೂ,” ಎಂದೆ ನಾನು, ಏನೋ ಓದುತ್ತ.

ಮರುದಿನ ತರಗತಿಯಲ್ಲಿ ಸಾಹೇಬರಿಗೆ ಕಿಟಕಿಯ ಪಕ್ಕ ಕುರ್ಚಿ ಹಾಕಿದ್ದರು. ಹೆಡ್‌ಮಾಸ್ತರು ಬಾಗಿಲಲ್ಲಿ. ನಾನು ಮಕ್ಕಳ ಜೊತೆ ಚಾಪೆಯ ಮೇಲೆ. ಆಗ ಇನ್ನೂ ಮಂಡಿ ಮಡಚುತ್ತಿದ್ದವು. ಆರು ಗುಂಪು, ಗುಂಪಿಗೊಂದು ಸೆಟ್ ಡಬ್ಬಿ, ಒಂದು ಮೊರದ ತುಂಬ ಬಿಳಿಜೋಳ. ಟೀಚರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾವ ಪೀಠಿಕೆಯೂ ಇಲ್ಲದೆ, “ಎಷ್ಟ್ ಪಾವು ಹಾಕಿದ್ರ ಸೇರು ತುಂಬತೈತಿ, ನನಗ ಗೊತ್ತಿಲ್ಲ. ನೀವ ಹೇಳ್ರಿ” ಎಂದರು. ಒಳ್ಳೆಯ ಆರಂಭ. ಸಾಹೇಬರು ತಲೆಯಾಡಿಸಿ ಏನೋ ಬರೆದುಕೊಂಡರು.

ಆಗ ಶುರುವಾಯಿತು ಆ ರಾಗ. ಲಾಭಾ, ಲಾಭಾ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆನೋ ಏನೋ; ನೋಡಬೇಕಾದದ್ದನ್ನು ನೋಡಲಿಲ್ಲ. ಎರಡಾ ಆಯಿತು, ಮೂರಾ ಆಯಿತು. ಮೂರನೆಯ ಪಾವು ಸುರಿದಾಗಲೇ ಸೇರು ಹೆಚ್ಚೂಕಡಿಮೆ ತುಂಬಿತ್ತು. ನಾಲ್ಕನೆಯದು ಹಾಕಿದರೆ ಮೇಲೆ ಒಂದಿಷ್ಟು ನಿಂತು, ಉಳಿದದ್ದೆಲ್ಲ ಜಾರಿ ಚಾಪೆಯ ಮೇಲೆ. ಆರು ಗುಂಪಿನಲ್ಲೂ ಅದೇ ಕಥೆ. ಚಾಪೆ ತುಂಬ ಜೋಳ.

“ಅಕ್ಕೋರ, ಮೂರ್ರೀ!” ಎಂದು ಒಂದು ಗುಂಪು ಕೂಗಿತು. “ನಮ್ದೂ ಮೂರ್ರಿ!” “ನಮ್ದೂ!”

ಮಕ್ಕಳಿಗೆ ಏನು ಸಂತೋಷ! ಎಲ್ಲರದೂ ಒಂದೇ ಉತ್ತರ ಬಂದರೆ ಸರಿ ಇರಲೇಬೇಕಲ್ಲ.

ಸಾಹೇಬರು ಕೈಪಿಡಿ ತಿರುವಿದರು. “ಏನ್ರಿ ಟೀಚರ್, ಮೂರು ಪಾವಿಗೆ ಸೇರು ಯಾವ ಊರಾಗ್ರಿ? ಇಲ್ಲಿ ನಾಲ್ಕು ಅಂತ ಐತಿ.”

ಬಾಗಿಲಲ್ಲಿದ್ದ ಹೆಡ್‌ಮಾಸ್ತರು ಮೀಸೆಯಲ್ಲೇ ನಕ್ಕರು. ಟೀಚರು ನನ್ನ ಕಡೆ ನೋಡಿದರು. ನಾನು ಡಬ್ಬಿಗಳ ಕಡೆ ನೋಡಿದೆ. ಆಗ ಕಂಡಿತು. ಒಂದೊಂದು ಪಾವಿನ ಬಾಯಿಯ ಮೇಲೂ ಜೋಳದ ಗೋಪುರ. ಮಕ್ಕಳು ಬೊಗಸೆಯಿಂದ ಸುರಿದು, ಇನ್ನು ಒಂದು ಕಾಳೂ ನಿಲ್ಲಲಾರದು ಎನ್ನುವಷ್ಟು ಏರಿಸಿ, ಉಸಿರು ಬಿಗಿ ಹಿಡಿದು ಎತ್ತಿ ಸೇರಿಗೆ ಸುರಿಯುತ್ತಿದ್ದರು. ಈ ಸೀಮೆಯಲ್ಲಿ ತುಂಬುವುದು ಎಂದರೆ ಅದು. ಬಾಯಿಮಟ್ಟಕ್ಕೆ ಅಳೆದು ಕೊಟ್ಟರೆ ಕೊಟ್ಟವರ ಮನೆತನಕ್ಕೇ ಮಾತು ಬರುತ್ತದೆ.

ನನಗೆ ಕಾನ್ವೆಂಟಿನ ಕುಕರಿ ಕ್ಲಾಸು ನೆನಪಾಯಿತು. ಸಿಸ್ಟರು ಮೈದಾಹಿಟ್ಟಿನ ಚಮಚದ ಮೇಲೆ ಚಾಕುವಿನ ಬೆನ್ನು ಎಳೆದು, “ಲೆವೆಲ್, ಗರ್ಲ್ಸ್, ಲೆವೆಲ್! ಹೀಪಿಂಗ್ ಈಸ್ ಗ್ರೀಡ್” ಎನ್ನುತ್ತಿದ್ದರು. ಏರಿಸಿ ತುಂಬುವುದು ದುರಾಸೆಯಂತೆ. ಎಂಟು ವರ್ಷ ಅದನ್ನು ಕೇಳಿದವಳು ನಾನು. ‘ತುಂಬಿಸಿ’ ಎಂದು ಬರೆದಾಗ ನನ್ನ ಮನಸ್ಸಿನಲ್ಲಿ ಚಾಕುವಿನ ಬೆನ್ನು ಇತ್ತು. ಅದನ್ನು ಕಾಗದದ ಮೇಲೆ ಇಳಿಸಬೇಕು ಎಂದು ಹೊಳೆದೇ ಇರಲಿಲ್ಲ. ಶ್ರೀರಾಮನಗರದಲ್ಲಿ ತಪ್ಪು ಸಿಗಲಿಲ್ಲ ಏಕೆಂದರೆ ನೀರು ಗೋಪುರ ಕಟ್ಟುವುದಿಲ್ಲ.

ಎದ್ದು ಹೇಳಬೇಕಿತ್ತು, ಆ ಕ್ಷಣವೇ. ಹೇಳಲಿಲ್ಲ. ಕೈಪಿಡಿಯ ಹಾಳೆ ತಿರುವುತ್ತ, ಬರೆದದ್ದನ್ನು ಈಗಷ್ಟೇ ನೋಡುವವಳ ಹಾಗೆ ಕೂತೆ. ಮೊದಲ ಪುಟದಲ್ಲಿ ನನ್ನ ಹೆಸರಿತ್ತು. ಜಿಲ್ಲೆಗೆಲ್ಲ ಹೋಗಬೇಕಾದ ಪುಸ್ತಕ. ಎರಡು ನಿಮಿಷವೋ ಐದು ನಿಮಿಷವೋ, ಇಷ್ಟು ವರ್ಷವಾದರೂ ಆ ಮೌನ ನನಗೆ ಚೆನ್ನಾಗಿ ನೆನಪಿದೆ.

ಟೀಚರು ನನಗಾಗಿ ಕಾಯಲಿಲ್ಲ. ಚಾಪೆಯ ಮೇಲೆ ಕೂತು, “ಮತ್ತೊಮ್ಮೆ ಮಾಡ್ರಿ. ಈ ಸಲ ನನಗೂ ತೋರಸ್ರಿ” ಎಂದರು. ಮತ್ತೆ ಮೂರೇ ಬಂತು. “ಪುಸ್ತಕದಾಗ ನಾಲ್ಕು ಐತಿ. ನಮಗ ಮೂರು ಬಂದೈತಿ. ಪುಸ್ತಕ ಸುಳ್ಳೋ, ಜ್ವಾಳ ಸುಳ್ಳೋ?”

ಎರಡು ಜಡೆ ಹಾಕಿಕೊಂಡಿದ್ದ ಒಬ್ಬ ಹುಡುಗಿ, ತಾಯಿ ಊರಲ್ಲಿ ಕಿರಾಣಿ ಅಂಗಡಿ ನಡೆಸುತ್ತಾಳೆ ಎಂದು ಆಮೇಲೆ ತಿಳಿಯಿತು, ಖಾಲಿ ಪಾವಿನ ಬಾಯಿಯನ್ನು ಸೇರಿನ ಬಾಯಿಯ ಮೇಲೆ ಬೋರಲು ಇಟ್ಟು ನೋಡಿದಳು. ಎರಡೂ ಒಂದೇ ಅಗಲ. ನನ್ನ ಜಂಬದ ವಿನ್ಯಾಸ.

“ಅಕ್ಕೋರ, ಪಾವಿನ ಗೋಪುರನೂ ಅಷ್ಟ, ಸೇರಿನ ಗೋಪುರನೂ ಅಷ್ಟ.”

“ಹೂಂ?”

“ನಾಲ್ಕು ಪಾವಿಗೆ ನಾಲ್ಕು ಗೋಪುರ ಹಾಕೇವ್ರಿ. ಸೇರಿಗೆ ಒಂದ ಗೋಪುರ ನಿಂದ್ರತೈತಿ. ಉಳದ ಮೂರು ಗೋಪುರ ಎಲ್ಲಿ ಹೋಗಬೇಕ್ರಿ? ಕೆಳಗ ಬಿದ್ದಾವ ನೋಡ್ರಿ.”

ನಾನು ಗಣಿತದಲ್ಲಿ ಎಂ.ಎಸ್ಸಿ. ಇದಕ್ಕಿಂತ ಚೊಕ್ಕವಾದ ಪ್ರೂಫ್ ಆ ತರಗತಿಗಳಲ್ಲಿ ಎಷ್ಟು ಕಂಡಿದ್ದೆನೋ, ಹೇಳಲಾರೆ.

“ಯಾ ಅಲ್ಲಾ!” ಎಂದು ಟೀಚರು ಹಣೆಗೆ ಕೈ ಇಟ್ಟುಕೊಂಡರು. ಮುಖ ಅರಳಿಹೋಗಿತ್ತು. “ಹಂಗಾರ ಗೋಪುರ ತಗದು ಅಳದ್ರ?”

“ಗೋಪುರ ತಗದ್ರ ಯಾರ್ ತಗೋತಾರ್ರಿ? ನಮ್ಮವ್ವ ಬೈತಾಳ.”

ಇಡೀ ತರಗತಿ ನಕ್ಕಿತು. ಕಿಟಕಿಯ ಪಕ್ಕದ ಸಾಹೇಬರೂ ನಗು ತಡೆದುಕೊಂಡರು. “ನಿಮ್ಮವ್ವಗ ನಾ ಹೇಳ್ತೀನಿ, ಇವತ್ತೊಂದಿನ ಮಾಫಿ,” ಎಂದು ಟೀಚರು ಎಲ್ಲರ ಕೈಗೆ ಸ್ಕೇಲು ಕೊಡಿಸಿದರು. ಮಕ್ಕಳು ಮನಸ್ಸಿಲ್ಲದ ಮನಸ್ಸಿನಿಂದ ಗೋಪುರಗಳನ್ನು ಸವರಿದರು. ಬಾಯಿಮಟ್ಟ. ಈಗ ಸರಿಯಾಗಿ ನಾಲ್ಕು. ನಾಲ್ಕಕ್ಕೆ ಒಂದು ಕಾಳೂ ಹೆಚ್ಚಿಲ್ಲ, ಕಡಿಮೆ ಇಲ್ಲ.

ನಾನಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಅವರು ನಿಲ್ಲಿಸಲಿಲ್ಲ. “ಸವರಿದ ಗೋಪುರಾನ ಚೆಲ್ಲಬ್ಯಾಡ್ರಿ, ಇನ್ನೊಂದು ಪಾವಿಗೆ ಹಾಕ್ರಿ. ಎಷ್ಟ್ ಗೋಪುರಕ್ಕ ಒಂದು ಪಾವು ತುಂಬತೈತಿ?” ಎಂದರು. ನನ್ನ ಕೈಪಿಡಿಯಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲ. ಮಕ್ಕಳು ಅಳೆದರು, ಮೂರು ಗೋಪುರಕ್ಕೆ ಪಾವು ತುಂಬಲಿಲ್ಲ, ನಾಲ್ಕಕ್ಕೆ ಹೆಚ್ಚಾಯಿತು. ಮೂರೂವರೆ ಎಂದು ತೀರ್ಮಾನವಾಯಿತು. ಅಂದರೆ ಅಂಗಡಿಯ ಅವ್ವ ಮೂರೂವರೆ ಪಾವಿಗೆ ಒಂದು ಪಾವು ಪುಕ್ಕಟೆ ಕೊಡುತ್ತಾಳೆ ಎಂದು ಎರಡು ಜಡೆಯ ಹುಡುಗಿ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿ, ತನಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಗಂಟೆ ಬಾರಿಸಿ ಕಾಲು ತಾಸು ಕಳೆದಿತ್ತು. ಸಾಹೇಬರು ಗಡಿಯಾರ ನೋಡಿ ಎದ್ದರು. ಕೆಟ್ಟ ಮನುಷ್ಯರಲ್ಲ, ಅವರ ಕೈಯಲ್ಲಿದ್ದ ಫಾರ್ಮಿನಲ್ಲಿ ಗೋಪುರಕ್ಕೆ ಜಾಗ ಇರಲಿಲ್ಲ, ಅಷ್ಟೇ. “ಹುಡುಗ್ರು ಚುರುಕದಾರ. ಆದ್ರ ಪಾಠ ಟೈಮಿಗೆ ಮುಗಿಲಿಲ್ಲ. ಪುಸ್ತಕನೂ ಟೀಚರ್ ಸರಿಯಾಗಿ ಓದಿಕೊಂಡು ಬಂದಿಲ್ಲ. ನಾಲ್ಕಕ್ಕ ಮೂರು ಬಂತು,” ಎನ್ನುತ್ತ ಪೆನ್ನು ತೆಗೆದರು.

ಈಗ ನಾನು ಎದ್ದೆ. ಎದ್ದು ಏನು ಮಾಡಿದೆ? ಇಂಗ್ಲಿಷಿನಲ್ಲಿ ಮಾತಾಡಿದೆ. ಇಕ್ಕಟ್ಟಿಗೆ ಸಿಕ್ಕಾಗ ನನಗೆ ಬೇರೆ ಭಾಷೆ ಬರುವುದಿಲ್ಲ. “ಸರ್, ದಿ ಎರರ್ ಈಸ್ ಇನ್ ದಿ ಹ್ಯಾಂಡ್‌ಬುಕ್. ಐ ರೋಟ್ ಇಟ್. ಶಿ ಫಾಲೋಡ್ ಇಟ್ ಟು ದಿ ಲೆಟರ್.”

“ಓ, ಮೈನರ್ ಥಿಂಗ್ ಮೇಡಂ, ಮೈನರ್ ಥಿಂಗ್,” ಎಂದು ಸಾಹೇಬರೂ ಇಂಗ್ಲಿಷಿಗೆ ಇಳಿದರು. ಇಬ್ಬರೂ ಸಭ್ಯವಾಗಿ ತಲೆಯಾಡಿಸಿದೆವು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಟೀಚರು ಹತ್ತಿರ ಬಂದರು. ದನಿ ತಗ್ಗಿಸಿಯೇ ಹೇಳಿದರು, ಆದರೆ ಬಿಡುವ ದನಿ ಅದಲ್ಲ. “ಮೇಡಂರಿ, ಕನ್ನಡದಾಗ ಹೇಳ್ರಿ.”

“ಹೇಳಿದೆನಲ್ಲ...”

“ಸಾಹೇಬ್ರಿಗೆ ಹೇಳೀರಿ. ಹುಡುಗ್ರು ನಮ್ದ ತಪ್ಪು ಅನ್ಕೊಂಡು ಕುಂತಾವ. ಹೆಡ್‌ಮಾಸ್ತರೂ ನಂದ ತಪ್ಪು ಅನ್ಕೊಂಡಾರ.” ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ನಾ ಒಮ್ಮೆ ಫೇಲ್ ಆಗೀನ್ರಿ. ಇನ್ನೊಂದ್ ಸಲ ಸುಳ್ಳ ಸುಳ್ಳ ಫೇಲ್ ಆಗೂದಿಲ್ಲ.”

ಆ ಮಕ್ಕಳ ಮುಂದೆ ನಿಂತು ಕನ್ನಡದಲ್ಲಿ “ತಪ್ಪು ನನ್ನದು” ಎನ್ನುವುದು ಎಷ್ಟು ಕಷ್ಟವಾಯಿತೆಂದರೆ ನಗು ಬರುತ್ತದೆ. ‘ಸಾರಿ’ ದಿನಕ್ಕೆ ಇಪ್ಪತ್ತು ಸಲ ಹೇಳುವ ಬಾಯಿ ಇದು. “ಮಕ್ಕಳೇ, ಈ ಪುಸ್ತಕ ಬರೆದವಳು ನಾನು. ಬಾಯಿಮಟ್ಟಕ್ಕೆ ಸವರಬೇಕು ಅಂತ ಬರೆಯಬೇಕಿತ್ತು. ಮರೆತೆ. ನಿಮ್ಮದೂ ತಪ್ಪಿಲ್ಲ, ನಿಮ್ಮ ಟೀಚರದೂ ತಪ್ಪಿಲ್ಲ. ತಪ್ಪು ನಂದು.”

ಎರಡು ಜಡೆಯ ಹುಡುಗಿ ಕೇಳಿದಳು: “ನಿಮ್ ಮನ್ಯಾಗ ಗೋಪುರ ಹಾಕೂದಿಲ್ಲೇನ್ರಿ?”

“ಇಲ್ಲ. ನನಗೆ ಯಾರೂ ಕಲಿಸಿಲ್ಲ.”

“ಅಯ್ಯ, ಪಾಪ,” ಎಂದಳು ಅವಳು, ನಿಜವಾದ ಮರುಕದಿಂದ. ಪಾವು ತಂದು ನನ್ನ ಮುಂದಿಟ್ಟು, ಬೊಗಸೆಯಿಂದ ನಿಧಾನಕ್ಕೆ ಹೇಗೆ ಬಿಡಬೇಕು, ಕೊನೆಯ ಕಾಳುಗಳನ್ನು ಬೆರಳ ಸಂದಿನಿಂದ ಹೇಗೆ ಉದುರಿಸಬೇಕು ಎಂದು ತೋರಿಸಿದಳು. ನನ್ನದು ಎರಡು ಸಲ ಕುಸಿಯಿತು. ಮೂರನೆಯ ಸಲ ನಿಂತಿತು. ಮಕ್ಕಳು ಚಪ್ಪಾಳೆ ಹೊಡೆದರು.

ಹೆಡ್‌ಮಾಸ್ತರ ಕೋಣೆಯಲ್ಲಿ ಚಹಾ, ಮಂಡಕ್ಕಿ, ಮಿರ್ಚಿ ಬಂತು. ಸಾಹೇಬರು ತಿಂದು, ಕೈ ಒರೆಸಿಕೊಂಡು, ಫಾರ್ಮು ಮಡಚಿ ಜೇಬಿಗಿಟ್ಟು ಜೀಪು ಹತ್ತಿದರು. ಹೆಡ್‌ಮಾಸ್ತರು ನನಗೆ ಇನ್ನೊಂದು ಮಿರ್ಚಿ ಹಾಕಿ, “ಮೇಡಂ, ಇಪ್ಪತ್ತೆಂಟು ವರ್ಷ ಆತು ನೌಕರಿಗೆ ಸೇರಿ. ಸಾಲ್ಯಾಗ ದೊಡ್ಡವ್ರು ತಪ್ಪಾತು ಅಂದದ್ದು ಇವತ್ತ ನೋಡಿದ್ನಿ,” ಎಂದರು. ಟೀಚರ ಕಡೆ ತಿರುಗಿ, “ಅಕ್ಕೋರ, ಆ ಮೂರೂವರಿ ಗೋಪುರದ್ದು ನಂಗೂ ಒಂದಿಷ್ಟು ತಿಳಿಸಿ ಹೇಳ್ರಿ,” ಎಂದರು. ಅವರು ಆ ಮಾತಿನಲ್ಲಿ ಎಷ್ಟು ಸೋತಿದ್ದರೋ, ಟೀಚರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಾಗದ ಪೆನ್ಸಿಲು ತೆಗೆದುಕೊಂಡು ಪಕ್ಕದಲ್ಲಿ ಕೂತೇಬಿಟ್ಟರು.

ಪಟ್ಟಿ ಬಂದಾಗ ಅದರಲ್ಲಿ ಅವರ ಹೆಸರಿರಲಿಲ್ಲ. ಬೇರೊಂದು ಊರಿನ ಮೇಷ್ಟ್ರ ಹೆಸರಿತ್ತು. ನಾನು ಫೋನು ಮಾಡಿ ತಿಳಿಸಿದೆ. “ಇರ್ಲಿ ಬಿಡ್ರಿ. ಅವ್ರೂ ಛಲೋ ಮಾಡ್ತಾರಂತ,” ಎಂದರು. ಅಷ್ಟೇ. ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ಅವತ್ತು ಇಲಾಖೆಗೆ ಒಂದು ಪತ್ರ ಬರೆದೆ. ಅದುವರೆಗೆ ನನ್ನ ಆಫೀಶಿಯಲ್ ಪತ್ರಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತಿದ್ದವು. ಇದನ್ನು ಕನ್ನಡದಲ್ಲಿ ಬರೆದೆ, ಮೂರು ಸಲ ಹರಿದು ಹಾಕಿ. ಕೈಪಿಡಿಯಲ್ಲಿ ಏನು ತಪ್ಪಿತ್ತು, ಟೀಚರು ಅದನ್ನು ಮಕ್ಕಳ ಕೈಯಿಂದಲೇ ಹೇಗೆ ಹಿಡಿಸಿದರು, ಅಲ್ಲಿಂದ ಹೊಸ ಪಾಠ ಹೇಗೆ ಹುಟ್ಟಿತು, ಸಾಹೇಬರು ಬರೆದುಕೊಂಡ ಷರಾ ಸಲ್ಲಬೇಕಾದದ್ದು ನನಗೆ, ಅವರಿಗಲ್ಲ. ಇದನ್ನೆಲ್ಲ ಸರಳವಾಗಿ ಬರೆದೆ. ಉತ್ತರ ಬರಲಿಲ್ಲ. ಎರಡು ತಿಂಗಳು ಬಿಟ್ಟು ಅದೇ ಪತ್ರದ ನಕಲು ಹಿಡಿದು ನಾನೇ ಹೋದೆ. ಸಾಹೇಬರು ಓದಿ, “ಮೇಡಂ, ನಿಮ್ಮ ಪುಸ್ತಕಕ್ಕ ಕೆಟ್ಟ ಹೆಸರು ಬರತೈತಿ ನೋಡ್ರಿ, ಇದನ್ನ ಫೈಲಿನಾಗ ಹಾಕಿದ್ರ,” ಎಂದರು. ಹಾಕಿರಿ ಎಂದೆ. ಅವರು ನನ್ನ ಮುಖ ನೋಡಿ, ಹಾಕಿದರು.

ಮಳೆಗಾಲದ ತುಂಬ ನಾವಿಬ್ಬರೂ ಆ ಪಾಠವನ್ನು ತಿದ್ದಿದೆವು. ಭಾನುವಾರ ಅವರು ಕುಷ್ಟಗಿಯಿಂದ ಕೊಪ್ಪಳಕ್ಕೆ ಬರುತ್ತಿದ್ದರು, ಡಬ್ಬಿಯಲ್ಲಿ ಖಿಚಡಿ, ಅದಕ್ಕೆ ಹುಳಿ ಸಾರಿನಂಥ ಖಟ್ಟಾ ತರುತ್ತಿದ್ದರು. ‘ಗೋಪುರದ ಲೆಕ್ಕ’ ಎಂದು ಒಂದು ಹೊಸ ಪುಟವನ್ನು ಅವರೇ ಬರೆದರು, ತಾವು ತರಗತಿಯಲ್ಲಿ ಮಾತಾಡುವ ಹಾಗೆ. ನಾನು ಅದನ್ನು ಗ್ರಾಂಥಿಕ ಕನ್ನಡಕ್ಕೆ ತಂದು ಓದಿ ತೋರಿಸಿದೆ.

“ಮೇಡಂರಿ, ನನ್ನ ಮಾತಿಗೆ ಇಸ್ತ್ರಿ ಹೊಡದ್ರಲ್ಲ!”

“ಪುಸ್ತಕ ಅಂದಮೇಲೆ ಇಸ್ತ್ರಿ ಬೇಕಲ್ಲ, ಟೀಚರ್.”

“ಬೇಕ್ರಿ. ಆದ್ರ ಸುಟ್ಟ ವಾಸನಿ ಬರಬಾರ್ದು.”

ಜಗಳವಾಡಿ ಅರ್ಧ ಇಸ್ತ್ರಿಗೆ ರಾಜಿಯಾದೆವು. ಆ ಪುಟದ ಕೆಳಗೆ ಅವರ ಹೆಸರು ಹಾಕಿಸಿದೆ. ಅವರು ಅದನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಹಿತವಾದ ಮಳೆಗಾಲ ಇನ್ನೊಂದಿಲ್ಲ. ಐ ವಾಸ್ ಹ್ಯಾಪಿ, ಪ್ಲೇನ್ ಹ್ಯಾಪಿ.

ಮುಂದಿನ ಬೇಸಿಗೆಯ ಪಟ್ಟಿಯಲ್ಲಿ ಅವರ ಹೆಸರಿತ್ತು. ತರಬೇತಿ ಅವರ ಊರಲ್ಲೇ, ಕುಷ್ಟಗಿಯ ಒಂದು ಶಾಲೆಯಲ್ಲಿ. ನನಗೆ ಆ ತಿಂಗಳೇ ರಿಟೈರ್‌ಮೆಂಟು; ತಂಗಿಯ ಮನೆ ಸೇರಲು ಊರು ಬಿಡುವುದಿತ್ತು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ, ಹೇಳದೆ ಕೇಳದೆ ಹೋದೆ.

ಕೋಣೆಗಳೆಲ್ಲ ಖಾಲಿ. ಎಲ್ಲರೂ ಅಂಗಳದಲ್ಲಿದ್ದರು. ನಲವತ್ತು ಜನ ಶಿಕ್ಷಕರು ಸುಡುವ ಬಿಸಿಲಲ್ಲಿ ಒಂದೊಂದು ಕೋಲು ನೆಟ್ಟುಕೊಂಡು ಅದರ ನೆರಳು ಅಳೆಯುತ್ತಿದ್ದರು. ಯಾವ ಹೊತ್ತಿಗೆ ನೆರಳು ಎಲ್ಲಕ್ಕಿಂತ ಗಿಡ್ಡ ಎಂದು ಹಿಡಿಯಬೇಕಿತ್ತು. ಗಂಡಸರು ಟವೆಲ್ಲು ತಲೆಗೆ ಸುತ್ತಿಕೊಂಡಿದ್ದರು. ನಡುವೆ ಟೀಚರು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಅಳತೆಯ ಟೇಪು, ಗಂಟಲು ಆಗಲೇ ಬಿದ್ದುಹೋಗಿತ್ತು.

“ಸರ್, ಸರ್, ಬೇವಿನ ಗಿಡದ ಕೆಳಗ ಯಾಕ ನಿಂತೀರಿ? ಅಲ್ಲಿ ನಿಮ್ಮ ಕೋಲಿಗೆ ನೆರಳ ಎಲ್ಲಿಂದ ಬರಬೇಕು?”

“ಬಿಸಲು ಭಾಳ ಐತ್ರಿ ಮೇಡಂ.”

“ನಿಮ್ಮ ಹುಡುಗ್ರನ್ನ ದಿನಾ ಪ್ರೇಯರ್‌ಗೆ ಎಲ್ಲಿ ನಿಂದ್ರಸ್ತೀರಿ? ಬರ್ರಿ ಹೊರಗ, ಬರ್ರಿ. ಮ್ಯಾಲಿಂದ ಮ್ಯಾಲೆ ಗೆರಿ ಹಾಕ್ರಿ. ಗಡಿಯಾರ ನೋಡಬ್ಯಾಡ್ರಿ, ನೆರಳ ನೋಡ್ರಿ.”

ಗುಡುಗಿನಂತೆ ನ‌ಗು. ಆ ಸರ್ ಕೋಲು ಕಿತ್ತುಕೊಂಡು ಬಿಸಿಲಿಗೆ ಬಂದರು. ನಾನು ಗೇಟಿನ ಹತ್ತಿರ ನಿಂತಿದ್ದು ಟೀಚರಿಗೆ ಕಂಡಿತು. ಮುಖ ಬೆಳಗಿತು, ಒಂದು ಹೆಜ್ಜೆ ನನ್ನ ಕಡೆ ಇಟ್ಟರು ಕೂಡ. ಅಷ್ಟರಲ್ಲಿ ಯಾರೋ “ಮೇಡಂ, ನಂದು ಉದ್ದ ಆಗಾಕ ಹತ್ತೇತ್ರಿ!” ಎಂದು ಕೂಗಿದರು. ಅವರು ನನ್ನ ಕಡೆ ಅಂಗೈ ಎತ್ತಿ, ನಿಲ್ಲಿ, ಒಂದು ನಿಮಿಷ, ಎಂದು ಸನ್ನೆ ಮಾಡಿ ಆ ಕಡೆ ಓಡಿದರು. ನೆಲದ ಮೇಲೆ ಮಂಡಿಯೂರಿ ಕೂತು, ಟೇಪು ಹಿಡಿದು, ಬಗ್ಗಿ ನೋಡಿದರು. ಸುತ್ತ ಜನ ನೆರೆದರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ.

ನಾನು ಸ್ವಲ್ಪ ಹೊತ್ತು ನಿಂತೆ. ಆ ಕೆಲಸದ ನಡುವೆ ಅವರನ್ನು ಕರೆಯಲು ಮನಸ್ಸು ಬರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು; ಗೇಟು ಮುಂದಕ್ಕೆ ಎಳೆದುಕೊಂಡು ಹೊರಟೆ. ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ, ಹೇಳದೆ ಹೋದದ್ದಕ್ಕೆ ಬೈಸಿಕೊಂಡಿದ್ದೇನೆ. ಕಣ್ಣಾರೆ ಕಂಡದ್ದು ಅದೇ ಕೊನೆ.